ಕ್ವಾಂಟಂ ನಗರಕ್ಕಿಂತ ಮೊದಲು ಟೇಪ್ ರೆಕಾರ್ಡರ್

ಹೆಸರಘಟ್ಟದಲ್ಲಿ ಕ್ವಾಂಟಂ ನಗರಕ್ಕೆ 6.17 ಎಕರೆ ಜಾಗ ಸಿಕ್ಕಿದೆ. ರಾಜ್ಯದ ಕ್ವಾಂಟಂ ಮಿಷನ್‌ಗೆ ₹1,000 ಕೋಟಿ, ಕೇಂದ್ರದ್ದಕ್ಕೆ ₹6,003 ಕೋಟಿ. ಕೇಂದ್ರದ ನಾಲ್ಕು ಹಬ್‌ಗಳು ಕಂಪ್ಯೂಟಿಂಗ್, ಸಂವಹನ, ಸಂವೇದನೆ, ವಸ್ತುಗಳ ಪಾಲಾಗಿವೆ. ಈ ವಿಜ್ಞಾನವನ್ನು ಇಲ್ಲಿ ಬೆಳೆಸಿದವರ ನೆನಪುಗಳನ್ನು ದಾಖಲಿಸಲೆಂದು ಐದನೆಯದು ಇಲ್ಲ. ಲೋಪ ಸಣ್ಣದಲ್ಲ. ಕಟ್ಟಡ ಎರಡು ವರ್ಷ ತಡವಾಗಿಯಾದರೂ ಏಳುತ್ತದೆ. ಎಂಬತ್ತೈದು ದಾಟಿದವರಿಗೆ ಅಷ್ಟು ಪುರುಸೊತ್ತಿಲ್ಲ.

‘ವಯಸ್ಸಾದವರ ನೆನಪನ್ನು ನೆಚ್ಚಲಾಗದು, ಸಂಶೋಧನಾ ಪ್ರಬಂಧಗಳಿವೆಯಲ್ಲ’ ಎನ್ನುವವರು 1962ರ ನವೆಂಬರ್‌ನ ಎರಡು ದಿನಾಂಕ ನೋಡಲಿ: 17 ಮತ್ತು 18.

ಕ್ವಾಂಟಂ ಭೌತವಿಜ್ಞಾನದ ಆರಂಭದ ದಿನಗಳನ್ನು ಅದನ್ನು ಕಟ್ಟಿದವರ ಬಾಯಿಂದಲೇ ಕೇಳಿ ದಾಖಲಿಸಲು ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ಅವರ ತಂಡ ಹೊರಟಾಗಲೇ ಹೊತ್ತು ಮೀರಿತ್ತು. ಕಟ್ಟಿದವರ ಪೈಕಿ ಪೌಲಿ 1958ರಲ್ಲಿ ತೀರಿಕೊಂಡಿದ್ದರು, ಶ್ರೋಡಿಂಗರ್ 1961ರ ಜನವರಿಯಲ್ಲಿ. ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರೊಂದಿಗೆ ಮಾತುಕತೆ ಶುರುವಾದದ್ದು 1962ರ ಅಕ್ಟೋಬರ್ 31ಕ್ಕೆ. ಐದನೆಯ ಬೈಠಕ್ ನವೆಂಬರ್ 17ರಂದು. ಅದೇ ಸಂಜೆ ಬೋರ್ ತಮ್ಮ ಕೋಣೆಯ ಕರಿಹಲಗೆಯ ಮೇಲೆ, ಐನ್‌ಸ್ಟೈನ್ ಹಿಂದೆ ವಾದಕ್ಕೆ ತಂದಿದ್ದ ಬೆಳಕಿನ ಪೆಟ್ಟಿಗೆಯ ಚಿತ್ರ ಬರೆದಿದ್ದರು. ಮರುದಿನ ಅವರಿಲ್ಲ. ಆರನೆಯ ಬೈಠಕ್ ನಡೆಯಲೇ ಇಲ್ಲ.

ನೆನಪು ಕೈಕೊಡುತ್ತದೆ ಎಂಬುದು ಕೂನ್ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದುದರಿಂದಲೇ ಹಳೆಯ ಪತ್ರ, ಟಿಪ್ಪಣಿ ಪುಸ್ತಕಗಳನ್ನೂ ಹುಡುಕಿ ಮೈಕ್ರೋಫಿಲ್ಮ್ ಮಾಡಿಸಿದರು. ಪತ್ರವಿಲ್ಲದ ಮಾತು ಬರೀ ಹರಟೆ ಆದೀತು, ನಿಜ. ಆದರೆ ಆ ಪತ್ರ ಯಾವ ಜಗಳದ ನಡುವೆ ಬರೆದದ್ದು ಎಂದು ಹೇಳಬಲ್ಲವರು ಅದನ್ನು ಬರೆದವರೇ.

ಬೆಂಗಳೂರಿಗೆ ಇದು ದೂರದ ಕಥೆಯೇನಲ್ಲ. ಕ್ವಾಂಟಂ ಭೌತವಿಜ್ಞಾನವನ್ನು ಕಟ್ಟಿದವರಲ್ಲಿ ಒಬ್ಬರಾದ, ಹಿಟ್ಲರನ ಜರ್ಮನಿ ಬಿಟ್ಟ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿದರು. ಆರು ತಿಂಗಳಷ್ಟೇ ಇದ್ದರೂ ಬಾರ್ನ್ ಇಲ್ಲಿನ ನಾಗೇಂದ್ರನಾಥ್ ಜೊತೆ ಪ್ರಬಂಧ ಬರೆದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಸಭೆ ಕರೆದಾಗ ಆಸ್ಟನ್ ಎಂಬ ಇಂಗ್ಲಿಷ್ ಪ್ರೊಫೆಸರ್, ಬಾರ್ನ್ ಎದುರಲ್ಲೇ, ಸ್ವದೇಶದಿಂದ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ವಿದೇಶಿ ನಮಗೆ ಬೇಡ ಎಂಬ ಧಾಟಿಯಲ್ಲಿ ಮಾತನಾಡಿದರು. ಮನೆಗೆ ಮರಳಿದ ಬಾರ್ನ್ ಹೆಂಡತಿಯ ಮುಂದೆ ಅತ್ತುಬಿಟ್ಟರು. 1954ರಲ್ಲಿ ನೊಬೆಲ್ ಪಡೆದ ಮನುಷ್ಯನ ಕಥೆ ಇದು. ಬಾರ್ನ್ ಬರೆದಿಡದಿದ್ದರೆ ಆ ಕಣ್ಣೀರಿನ ಸಂಗತಿ ಯಾವ ಸಭಾ ನಡಾವಳಿಯಲ್ಲೂ ಸಿಗುತ್ತಿರಲಿಲ್ಲ. ಈಗಲೂ ನಮಗೆ ತಿಳಿದಿರುವುದು ಬಾರ್ನ್ ಪಾಲಿನ ಕಥೆ. ರಾಮನ್ ಪಾಲಿನದನ್ನು ಕೇಳಲು ಸಮಯವಿತ್ತು. ಅವರು 1970ರ ನವೆಂಬರ್‌ವರೆಗೆ ಇದೇ ಊರಿನಲ್ಲಿದ್ದರು: ಬೋರ್ ತೀರಿಕೊಂಡ ಮೇಲೆ ಎಂಟು ವರ್ಷ.

ಈ ಮಾತು ಕ್ವಾಂಟಂ ವಿಜ್ಞಾನಕ್ಕಷ್ಟೇ ಅಲ್ಲ. ಕಾಳಿ ನದಿ ಜೊಯಿಡಾ ದಾಟಿ ಕೆಳಗಿಳಿದರೆ ಕೈಗಾ ಅಣುವಿದ್ಯುತ್ ಸ್ಥಾವರ. ಅಲ್ಲಿನ ಮೊದಲ ಘಟಕ 962 ದಿನ ಸತತ ಓಡಿದ ದಾಖಲೆ ಎಲ್ಲರ ಬಾಯಲ್ಲಿದೆ. 1994ರ ಮೇ 13ರಂದು ನಿರ್ಮಾಣದ ಹಂತದಲ್ಲೇ ಗುಮ್ಮಟದ ಕಾಂಕ್ರೀಟ್ ಕಳಚಿಬಿದ್ದ ದಿನದ ಬಗ್ಗೆ ಮಾತು ಕಡಿಮೆ. ವರದಿಗಳು ಕಾಂಕ್ರೀಟಿನ ಬಿರುಕು ಹೇಳಬಲ್ಲವು. ಅಂದು ಅಲ್ಲಿದ್ದ ಎಂಜಿನಿಯರ್‌ಗಳಿಗೂ ಕಾರ್ಮಿಕರಿಗೂ ಈಗ ವಯಸ್ಸಾಗಿದೆ.

ಇಂಥ ನೆನಪುಗಳನ್ನು ದಾಖಲಿಸಲು ಹೊಸ ಕಟ್ಟಡ ಬೇಡ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) 2019ರಿಂದ ವಿಜ್ಞಾನದ ಸಾರ್ವಜನಿಕ ದಾಖಲಾಗಾರವಿದೆ, ಮೌಖಿಕ ಇತಿಹಾಸ ಅದರ ಕೆಲಸವೇ. ಮಿಷನ್ ಕೊಡಬೇಕಾದದ್ದು ಪ್ರಬಂಧಗಳನ್ನು ಓದಿಕೊಂಡು ಹೋಗುವ ನಾಲ್ಕಾರು ಇತಿಹಾಸಕಾರರ ಸಂಬಳ, ಜೊತೆಗೆ ಮಾತನಾಡಿಸಬೇಕಾದವರ ಒಂದು ಪಟ್ಟಿ. ಆ ಪಟ್ಟಿಯನ್ನು ಹುದ್ದೆ, ಪ್ರಶಸ್ತಿ ನೋಡಿ ಮಾಡುವುದು ಬೇಡ. ಹುಟ್ಟಿದ ವರ್ಷ ನೋಡಿ ಮಾಡಲಿ, ಹಿರಿಯರ ಮನೆಗೆ ಮೊದಲು ಹೋಗಲಿ.