ಪರದೆ ಹಸಿರಾದರೆ ಸಾಕೇನ್ರೀ?

ಹೊಸ ತಿಪ್ಪಸಂದ್ರದಲ್ಲಿ ಹಳೇ ಪ್ರೀಮಿಯರ್ ಪದ್ಮಿನಿ ಓಡಿಸಿದರೆ ಹತ್ತು ಜನ ನಿಲ್ಲಿಸಿ "ಮಾರ್ತೀರಾ ಸಾರ್?" ಅಂತ ಕೇಳ್ತಾರೆ. ಹನ್ನೊಂದನೆಯವನು "ಇನ್ನೂ ಎರಡಿಂಚು ಇಳಿಸಿ ಸಾರ್, ಹ್ಯಾಂಡ್ಲಿಂಗ್ ಸೂಪರ್ ಆಗುತ್ತೆ" ಅಂತಾನೆ. ಈ ಬರಹ ಆ ಹನ್ನೊಂದನೆಯವನಿಗೆ. ಅವನ ಕೈಗೆ ಪ್ರಿಂಟೌಟ್ ಕೊಟ್ಟು ಕಳಿಸುವ ಅಲೈನ್‌ಮೆಂಟ್ ಅಂಗಡಿಯವರಿಗೂ.

ನನ್ನ ಗಾಡಿ ಇಳಿಸಿದ್ದು ನಾನಲ್ಲ, ಹಿಂದಿನ ಮಾಲೀಕ. ಮುಂದಿನ ಕಾಯಿಲ್ ಸ್ಪ್ರಿಂಗನ್ನು ಗ್ರೈಂಡರ್ ಹಿಡಿದು ಒಂದು ಸುತ್ತು ಕತ್ತರಿಸಿದ್ದ. ನೋಡೋಕೆ ಚೆಂದವೇ, ಸುಳ್ಳು ಹೇಳಲ್ಲ. ಕೊಂಡ ವಾರವೇ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದೆ. ಹುಡುಗ ಟೋ ಒಂದನ್ನೇ ತಿರುಗಿಸಿ ಹಸಿರು ಮಾಡಿದ. "ಕ್ಯಾಂಬರ್ ಕೆಂಪಿದೆಯಲ್ಲಪ್ಪಾ?" ಅಂದೆ. "ಹಳೇ ಗಾಡೀಲಿ ಅದು ಹಂಗೇ ಸಾರ್" ಅಂದ. ನಾನೂ ದುಡ್ಡು ಕೊಟ್ಟು ಬಂದೆ.

ಮೂರು ತಿಂಗಳಿಗೆ ಮುಂದಿನ ಟೈರುಗಳ ಒಳಅಂಚು ತಂತಿ ಕಾಣುವಷ್ಟು ಸವೆದಿತ್ತು. ಟೈರು ಹೋಗಲಿ ಬಿಡಿ. ಒಂದು ರಾತ್ರಿ ಹಳೇ ಮದರಾಸು ರಸ್ತೆಯಲ್ಲಿ ಎಡಚಕ್ರ ಗುಂಡಿಗೆ ಬಿದ್ದಿತು. ಸ್ಟೇರಿಂಗ್ ನೆಟ್ಟಗೆ ಹಿಡಿದಿದ್ದೇನೆ, ಗಾಡಿ ಮಾತ್ರ ತಾನಾಗಿ ಪಕ್ಕದ ಲಾರಿ ಕಡೆ ಎಗರಿತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಕೆ.ಆರ್. ಪುರದ ಹತ್ತಿರ ಗಾಡಿ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ಪದ್ಮಿನಿಯ ಮುಂದಿನ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತೆ. ಮೇಲಿನದು ಗಿಡ್ಡ. ಗಾಡಿ ಇಳಿಸಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತೆ. ಸ್ವಲ್ಪ ವಾಲಿದರೆ ತಿರುವಿನಲ್ಲಿ ಹಿಡಿತ ಸಿಗುತ್ತೆ, ಅಷ್ಟು ನಿಜ. ಆದರೆ ಟೈ ರಾಡ್ ಕೂಡ ತನ್ನ ಮೂಲ ಕೋನ ಬಿಟ್ಟಿರುತ್ತೆ. ಆಮೇಲೆ ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ಟೋ ಬದಲಾಗುತ್ತೆ. ನಿಂತ ಗಾಡಿಯಲ್ಲಿ ಅಳೆದ ಟೋ ಗುಂಡಿಯಲ್ಲಿ ಇರಲ್ಲ. ಅದನ್ನು ಪರದೆ ಹೇಳಲ್ಲ, ಯಾಕಂದ್ರೆ ಅದನ್ನು ಯಾರೂ ಕೇಳಿಲ್ಲ. ಯಂತ್ರದಲ್ಲಿರೋ ಅಂಕಿಯೂ ಕಾರ್ಖಾನೆ ಬಿಟ್ಟ ಎತ್ತರಕ್ಕೆ ಕೊಟ್ಟಿದ್ದು, ಕತ್ತರಿಸಿದ ಸ್ಪ್ರಿಂಗಿಗಲ್ಲ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದೇನು ಹೊಸದಾ? ಟೆಸ್ಟ್ ಎಲ್ಲ ಪಾಸ್, ಗಿರಾಕಿ ಕೈಯಲ್ಲಿ ಮಾತ್ರ ಸಿಸ್ಟಮ್ ಮಲಗಿರುತ್ತೆ.

ಕೊನೆಗೆ ಹಲಸೂರಿನ ಹಳೇ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಬುಷ್, ಬಾಲ್ ಜಾಯಿಂಟ್ ಬದಲಾಯಿಸೋ ತನಕ ಕೋನದ ಮಾತೇ ಎತ್ತಲಿಲ್ಲ. ಸಡಿಲ ಕೀಲಿನ ಮೇಲೆ ಅಳತೆ ಯಾಕೆ ಅಂತ ಬೈದರು. ಕತ್ತರಿಸಿದ ಸ್ಪ್ರಿಂಗ್ ಎಸೆದು ಎರಡೂ ಕಡೆ ಸರಿಸಮ ಇರೋ ಜೋಡಿ ಹಾಕಿದರು. ಗಾಡಿ ಈಗಲೂ ಒಂದಿಂಚು ಕೆಳಗೇ ಇದೆ. ಟೈರಿನ ಗಾಳಿ ಸರಿ ಮಾಡಿ, "ಡ್ರೈವರ್ ತೂಕ ಬೇಕು" ಅಂದರು. ಊರಿಂದ ಬಂದಿದ್ದ 50 ಕೆಜಿ ರಾಗಿ ಮೂಟೆಯನ್ನು ಸೀಟಿನ ಮೇಲೆ ಕೂರಿಸಿದೆ. ಚನ್ನರಾಯಪಟ್ಟಣದ ಕಡೆ ನಮ್ಮೂರ ಬಡಗಿಯೂ ಎತ್ತಿನ ಗಾಡಿಗೆ ಅಚ್ಚು ಕೂರಿಸಿದರೆ ಖಾಲಿ ಎಳೆಸಿ ನೋಡ್ತಿರಲಿಲ್ಲ, ಹೇರು ಹೇರಿಸಿಯೇ ನೋಡ್ತಿದ್ದ.

ಮೊದಲು ಕ್ಯಾಸ್ಟರ್, ಆಮೇಲೆ ಕ್ಯಾಂಬರ್, ಎರಡೂ ತೆಳು ಶಿಮ್ ತಗಡು ಸೇರಿಸಿ, ತೆಗೆದು. ಟೋ ಕೊನೆಗೆ, ಯಾಕಂದ್ರೆ ಮೊದಲೆರಡು ಮುಟ್ಟಿದರೆ ಟೋ ಅಲುಗುತ್ತೆ. ಕ್ಯಾಂಬರ್ ಎರಡೂ ಕಡೆ ಅರ್ಧ ಡಿಗ್ರಿ ಒಳಕ್ಕೆ, ಟೋ 1 ಮಿಲಿಮೀಟರ್ ಒಳಕ್ಕೆ. ಹಿಂದೆ ಪಟ್ಟಿ ಸ್ಪ್ರಿಂಗಿನ ಮೇಲೆ ಒಂದೇ ಅಚ್ಚು, ತಿರುಗಿಸೋಕೆ ಏನೂ ಇಲ್ಲ. ಆದರೂ ಯು ಬೋಲ್ಟ್ ಬಿಗಿ ಮಾಡಿ, ದಾರ ಕಟ್ಟಿ, ಅಚ್ಚು ಓರೆ ಇಲ್ಲ ಅಂತ ನೋಡಿಕೊಂಡರು. ಆಮೇಲೆ ಜಾಕ್ ಕೊಟ್ಟು ಚಕ್ರ ಮೇಲೆ ಕೆಳಗೆ ಆಡಿಸಿ, ಪ್ರತಿ ಸಲ ಟೋ ಅಳೆದು, ಟೈ ರಾಡ್ ಮಟ್ಟ ಸರಿಪಡಿಸಿದರು. ಇಡೀ ಶನಿವಾರ ಹೋಯಿತು. ಹಸಿರು ಪರದೆಗೆ ಇಪ್ಪತ್ತು ನಿಮಿಷ ಸಾಕಾಗಿತ್ತು!

ಮಾರನೇ ದಿನ ಬೆಳಗ್ಗೆ ಐದೂವರೆಗೆ ಸುರಂಜನ್ ದಾಸ್ ರಸ್ತೆಗೆ ಹೋದೆ. ಎಚ್‌ಎಎಲ್‌ನ ಮರುತ್ ವಿಮಾನ ಹಾರಿಸಿ ನೋಡುತ್ತಲೇ 1970ರಲ್ಲಿ ಪ್ರಾಣ ಬಿಟ್ಟ ಪರೀಕ್ಷಾ ಪೈಲಟ್‌ನ ಹೆಸರಿನ ರಸ್ತೆ ಅದು. ಕಾಗದದಲ್ಲಿ ಎಲ್ಲ ಸರಿಯಿದ್ದರೂ ಒಬ್ಬ ಹತ್ತಿ ಕೂತು ನೋಡಲೇಬೇಕು ಅಂತ ಪಕ್ಕದ ಕಾಂಪೌಂಡಿನವರಿಗೆ ಗೊತ್ತು, ನಮ್ಮ ಅಂಗಡಿಗಳಿಗೆ ಗೊತ್ತಿಲ್ಲ. ಒಂದು ಗುಂಡಿ ಹುಡುಕಿ ಬೇಕಂತಲೇ ಎಡಚಕ್ರ ಇಳಿಸಿದೆ. ಗಾಡಿ ಕುಲುಕಿತು, ದಾರಿ ಬಿಡಲಿಲ್ಲ.

ಕ್ಯಾಸ್ಟರ್ ಜಾಸ್ತಿಯಾಗಿ ಸ್ಟೇರಿಂಗ್ ಭಾರವಾಗಿದೆ. ಮಾರ್ಕೆಟ್ಟಿನ ಹತ್ತಿರ ಪಾರ್ಕ್ ಮಾಡುವಾಗ ಹೆಂಡತಿ ಬೈತಾಳೆ, ಬೈಯಲಿ. ಹನ್ನೊಂದನೆಯವನೇ, ನೀನೂ ಒಂದು ದಿನ ಬಾ. ರಾಗಿ ಮೂಟೆ ನಂದು, ದಾರ ನೀನು ತಾ.