ತ್ರಿಪದಿಯ ತಾಯಿ

ಜನಪದದ ಧಾಟಿಯಲ್ಲಿ ಹೊಸ ಹಾಡನ್ನು ಕಟ್ಟುವ ಐರ್ಲೆಂಡಿನ ಗಾಯಕರನ್ನು ಆದರದಿಂದ ಆಲಿಸುವ ನಾವು, 1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿ, ಮರಾಠಿಯಲ್ಲಿ ವಿದ್ಯಾಭ್ಯಾಸ ಮಾಡಿ, ತರುವಾಯ ಸ್ವಪ್ರಯತ್ನದಿಂದ ಕನ್ನಡವನ್ನು ವಶಪಡಿಸಿಕೊಂಡ ಜನಪದ ಧಾಟಿಯ ಕವಯಿತ್ರಿ ಜಯದೇವಿತಾಯಿ ಲಿಗಾಡೆಯವರನ್ನು ಅಷ್ಟೇ ಆದರದಿಂದ ಆಲಿಸಿದ್ದೇವೆಯೆ? ಇಲ್ಲವೆಂದೇ ನನ್ನ ಖೇದ.

ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಶರಣ ಸಿದ್ಧರಾಮನ ಚರಿತೆಯನ್ನು ಕವಿ ರಾಘವಾಂಕನು ಷಟ್ಪದಿಯಲ್ಲಿ ಹಾಡಿ ಶತಮಾನಗಳು ಸಂದ ಮೇಲೆ, ಅದೇ ಮಹಾಪುರುಷನನ್ನು ಕುರಿತು ಈ ತಾಯಿ ರಚಿಸಿದ ‘ಶ್ರೀ ಸಿದ್ಧರಾಮೇಶ್ವರ ಪುರಾಣ’ವು, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಳೆಯರ ಕಂಠದಲ್ಲಿ ಬಾಳಿಬಂದ ತ್ರಿಪದಿಯನ್ನೇ ಮಹಾಕಾವ್ಯದ ಛಂದಸ್ಸಾಗಿ ಅಂಗೀಕರಿಸಿತು. ನಿರಕ್ಷರ ಗೃಹಿಣಿಯರ ಸಂಪತ್ತನ್ನು ಪಂಡಿತಸಭೆಗೆ ಕರೆದೊಯ್ದ ಆ ಧೈರ್ಯವನ್ನು ನಾನು ಅವರ ಪಾಂಡಿತ್ಯಕ್ಕಿಂತಲೂ ಹಿರಿದೆಂದು ಬಗೆಯುತ್ತೇನೆ. 1974ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ತನ್ನ ಪ್ರಥಮ ಮಹಿಳಾಧ್ಯಕ್ಷೆಯನ್ನಾಗಿ ವರಿಸಿತು.

ಆದರೆ ತ್ರಿಪದಿಯು ಗೇಯವಾದುದು. ಮೌನವಾಚನದಲ್ಲಿ ಅದರ ಅರ್ಧ ಸತ್ತ್ವವು ನಷ್ಟವಾಗುತ್ತದೆ. ಆದುದರಿಂದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳಿಗೆ, ಆ ಧಾಟಿಯನ್ನು ಇನ್ನೂ ಬಲ್ಲ ಮುದುಕಿಯರಿಂದಲೇ ಈ ಪುರಾಣದ ಪದಗಳನ್ನು ಕಲಿಸಿ, ಸಂಕ್ರಾಂತಿಯ ಸಿದ್ಧರಾಮನ ಜಾತ್ರೆಯಲ್ಲಿ ಆ ಮಕ್ಕಳಿಂದ ಹಾಡಿಸತಕ್ಕದ್ದು. ಈ ಕಾರ್ಯವನ್ನು ಸೊಲ್ಲಾಪುರದ ಕನ್ನಡಿಗರು ಬರುವ ವರ್ಷವೇ ಆರಂಭಿಸಬೇಕೆಂದು ನನ್ನ ಪ್ರಾರ್ಥನೆ.