ನೀರಿನಡಿಯ ಉಸಿರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳು ಬಂಡೆಗೂ ರೇಷ್ಮೆಗೂ ಬೊಂಬೆಗೂ ಹೆಸರಾದವು. ಸಮುದ್ರ ಇಲ್ಲಿಂದ ಬಹು ದೂರ. ಆದರೂ ಆಳವಾದ ನೀರು ಇಲ್ಲಿಯವರಿಗೆ ಅಪರಿಚಿತವಲ್ಲ. ಮಾಗಡಿಯ ಕಡೆ ಅರ್ಕಾವತಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳಿವೆ. ಚನ್ನಪಟ್ಟಣದ ಮಗ್ಗುಲಲ್ಲಿ ಕಣ್ವ ಇದೆ. ಕನಕಪುರದ ದಕ್ಷಿಣಕ್ಕೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ, ಅದರ ಕೆಳಗೆ ಮೇಕೆದಾಟಿನ ಕಲ್ಲುಗಂಡಿ. ರಜೆಯ ದಿನ ಪೇಟೆಯಿಂದ ಬಂದ ತರುಣರ ಗುಂಪೊಂದು ನೀರಿಗೆ ಇಳಿಯುವುದು, ಸಂಜೆಯ ವೇಳೆಗೆ ಆ ಗುಂಪಿನಲ್ಲಿ ಒಬ್ಬ ಕಡಿಮೆಯಾಗುವುದು—ಇಂಥ ಸುದ್ದಿ ಈ ಭಾಗದ ಜನಕ್ಕೆ ಹೊಸದಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿಯಲ್ಲಿ ಚಲನಚಿತ್ರವೊಂದರ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ಧುಮುಕಿದ ಇಬ್ಬರು ನಟರು ಮತ್ತೆ ಮೇಲೆ ಬರಲಿಲ್ಲ. ಅವರ ದೇಹಗಳಿಗಾಗಿ ಮುಳುಗುಗಾರರು ದಿನಗಟ್ಟಲೆ ಹುಡುಕಬೇಕಾಯಿತು.

ಹಾಗೆ ಹುಡುಕುವವನ ಕೆಲಸ ಎಂಥದು ಎಂಬುದನ್ನು ದಡದಲ್ಲಿ ನಿಂತವರು ಊಹಿಸುವುದು ಕಷ್ಟ. ಜಲಾಶಯದ ತಳದಲ್ಲಿ ಹೂಳು ತುಂಬಿರುತ್ತದೆ. ಕಾಲಿಟ್ಟ ಕ್ಷಣವೇ ಅದು ಹೊಗೆಯಂತೆ ಏಳುತ್ತದೆ. ಅನಂತರ ಕಣ್ಣು ನಿರುಪಯೋಗಿ. ಮುಳುಗುಗಾರನು ಮುಖ ಕೆಳಗೆ ಮಾಡಿ, ಕೈಯಿಂದ ಕೆಸರನ್ನು ತಡವುತ್ತ, ಅಂಗುಲ ಅಂಗುಲವಾಗಿ ಸಾಗಬೇಕು. ಆ ಕತ್ತಲೆಯಲ್ಲಿ ಅವನಿಗೆ ಜೊತೆ ಇರುವುದು ತನ್ನ ಉಸಿರಿನ ಸದ್ದೊಂದೇ. ಆ ಉಸಿರು ಹಗುರವಾಗಿ ಬರುವುದೋ ಎಳೆದೆಳೆದು ಬರುವುದೋ ಎಂಬುದು ಅವನ ಬಾಯಲ್ಲಿರುವ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ರೆಗ್ಯುಲೇಟರನ್ನು ಅವಲಂಬಿಸಿದೆ.

ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿ ವಾತಾವರಣದ ಸುಮಾರು 200ರಷ್ಟು ಒತ್ತಡದಲ್ಲಿ ಅಡಕವಾಗಿರುತ್ತದೆ. ಅದನ್ನು ನೇರವಾಗಿ ಸೇದಲಾಗದು. ಸಿಲಿಂಡರಿನ ಕೊರಳಿಗೆ ಕಚ್ಚಿಕೊಂಡಿರುವ ಮೊದಲನೆಯ ಹಂತ ಆ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಪಟ್ಟು ವಾಯುಭಾರದಷ್ಟು ಮಾತ್ರ ಹೆಚ್ಚಿರುವಂತೆ ತಗ್ಗಿಸುತ್ತದೆ. ಕೊಳವೆಯ ತುದಿಯಲ್ಲಿ, ಬಾಯಿಯ ಬಳಿ ಇರುವುದು ಎರಡನೆಯ ಹಂತ. ಅದರೊಳಗೆ ತಾಳೆಗರಿಯಷ್ಟು ತೆಳುವಾದ ರಬ್ಬರಿನ ಪೊರೆ, ಪೊರೆಗೆ ತಾಗಿದ ಪುಟ್ಟ ಸನ್ನೆಕೋಲು, ಸನ್ನೆಕೋಲು ಎಳೆಯುವ ಕವಾಟ, ಕವಾಟವನ್ನು ಮುಚ್ಚಿ ಹಿಡಿಯುವ ಒಂದು ಸ್ಪ್ರಿಂಗು. ಮನುಷ್ಯ ಉಸಿರೆಳೆದಾಗ ಪೊರೆ ಒಳಕ್ಕೆ ಬಾಗುತ್ತದೆ, ಸನ್ನೆಕೋಲು ತಗ್ಗುತ್ತದೆ, ಕವಾಟ ಕೂದಲೆಳೆಯಷ್ಟು ತೆರೆಯುತ್ತದೆ, ಗಾಳಿ ಬರುತ್ತದೆ. ಎಳೆಯುವುದನ್ನು ನಿಲ್ಲಿಸಿದೊಡನೆ ಮುಚ್ಚಿಕೊಳ್ಳುತ್ತದೆ. ಬೇಕೆಂದಾಗ ಮಾತ್ರ ಕೊಡುವ ಕವಾಟವಿದು.

ಈ ಉಪಾಯದ ಮೂಲ ಸಮುದ್ರದಲ್ಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನುವಾ ರೂಕೆರೋಲ್ 1860ರ ಸುಮಾರಿಗೆ ಗಣಿಯೊಳಗಿನ ಕೆಟ್ಟ ಗಾಳಿಯಲ್ಲಿ ಉಸಿರಾಡಲೆಂದು ಇಂಥದೊಂದನ್ನು ಕಲ್ಪಿಸಿದ; ನೌಕಾಧಿಕಾರಿ ಡೆನೆರೂಜ್‌ನೊಡನೆ ಸೇರಿ 1864ರಲ್ಲಿ ಅದನ್ನು ನೀರಿಗೆ ಇಳಿಸಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ಹೋದಾಗ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಗ್ಯಾಸಿನಿಂದ ಓಡುವ ಮೋಟಾರು ಗಾಡಿಗೆ ಬೇಕಾದಷ್ಟೇ ಗ್ಯಾಸು ಒದಗಿಸುವ ಕವಾಟವನ್ನು ಮಾಡಿದ್ದ. ಅದೇ ಯುದ್ಧಕಾಲದಲ್ಲಿ ಮೈಸೂರು ಸೀಮೆಯ ರಸ್ತೆಗಳಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳು ಹೊಗೆ ಕಾರುತ್ತ ಏದುಸಿರು ಬಿಡುತ್ತಿದ್ದುದನ್ನು ಹಿರಿಯರ ಬಾಯಿಂದ ಕೇಳಿದವರು ಈಗಲೂ ಇದ್ದಾರೆ. ನೌಕಾಪಡೆಯ ಝಾಕ್ ಕುಸ್ತೊ ಆ ಕವಾಟವನ್ನು ಮುಳುಗುಗಾರನ ಬೆನ್ನಿಗೆ ಕಟ್ಟುವ ಯೋಚನೆ ಮಾಡಿದ.

1943ರ ಚಳಿಗಾಲದಲ್ಲಿ, ಪ್ಯಾರಿಸ್ಸಿನ ಸಮೀಪದ ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಅಡ್ಡಲಾಗಿ ಈಜುವಾಗ ಎಲ್ಲವೂ ಸರಿ. ನೆಟ್ಟಗೆ ನಿಂತರೆ ಗಾಳಿ ತಾನಾಗಿ ನುಗ್ಗಿ ವ್ಯರ್ಥವಾಗುತ್ತಿತ್ತು. ತಲೆಕೆಳಗಾದರೆ ಉಸಿರೇ ಬಾರದು. ಕಾರಣ ಹೊಳೆಯಲು ಬಹಳ ಹೊತ್ತು ಹಿಡಿಯಲಿಲ್ಲ. ನಿಂತಾಗ ಉಸಿರು ಹೊರಹೋಗುವ ದ್ವಾರ ಒಳಬರುವ ಕವಾಟಕ್ಕಿಂತ ಸುಮಾರು ಆರು ಅಂಗುಲ ಮೇಲಿತ್ತು. ಆರು ಅಂಗುಲ ನೀರಿನ ಭಾರ, ಅಷ್ಟೇ! ಎರಡನ್ನೂ ಒಂದೇ ಮಟ್ಟಕ್ಕೆ ತಂದರು, ಯಂತ್ರ ಸರಿಹೋಯಿತು. ಇಂದಿಗೂ ರೆಗ್ಯುಲೇಟರನ್ನು ಹದಗೊಳಿಸುವವನ ಲೆಕ್ಕಾಚಾರವೆಲ್ಲ ಇಂಥ ಅಂಗುಲಗಳದೇ.

ಒಳ್ಳೆಯ ರೆಗ್ಯುಲೇಟರ್ ತೆರೆದುಕೊಳ್ಳಲು ಬೇಕಾಗುವ ಸೆಳೆತ ಸುಮಾರು ಒಂದರಿಂದ ಒಂದೂವರೆ ಅಂಗುಲ ನೀರಿನ ಭಾರದಷ್ಟು. ಅದನ್ನು ಅಳೆಯಲು ನಾಜೂಕಾದ ಮಾಪಕಗಳಿವೆ. ಅವು ಇಲ್ಲದಿದ್ದರೆ ಒಂದು ಬೋಗುಣಿ ನೀರು ಸಾಕು. ಗಾಳಿ ತೆರೆದಿಟ್ಟು, ಬಾಯಿಗೆ ಕಚ್ಚುವ ಭಾಗ ಮೇಲಾಗಿರುವಂತೆ ಹಿಡಿದು, ಎರಡನೆಯ ಹಂತವನ್ನು ನೀರಿಗೆ ಮೆಲ್ಲಗೆ ಇಳಿಸಬೇಕು. ಪೊರೆ ನೀರಿನೊಳಗೆ ಇಳಿಯುತ್ತ ಇಳಿಯುತ್ತ ಒಂದು ಮಟ್ಟದಲ್ಲಿ ಬುಸ್ಸೆಂದು ಸದ್ದು ಹೊರಡುತ್ತದೆ. ಆಗ ನೀರಿನ ಮೇಲ್ಮೈಯಿಂದ ಪೊರೆಯವರೆಗೆ ಎಷ್ಟು ಅಂಗುಲವೋ ಅದೇ ಆ ಯಂತ್ರ ಕೇಳುವ ಸೆಳೆತ. ಸಾವಿರಾರು ರೂಪಾಯಿಯ ಉಪಕರಣದ ಗುಟ್ಟನ್ನು ಬೋಗುಣಿಯೊಂದು ಬಯಲು ಮಾಡುತ್ತದೆ.

ಈ ಅಂಗುಲಗಳನ್ನು ತಗ್ಗಿಸಬೇಕೆಂಬ ಆಸೆ ಸಹಜ. ಆಳ ಹೆಚ್ಚಿದಂತೆ ಗಾಳಿ ಸಾಂದ್ರವಾಗುತ್ತದೆ. 20 ಮೀಟರಿನಲ್ಲಿ ಮೇಲಿನದಕ್ಕಿಂತ ಮೂರು ಪಟ್ಟು. 12 ಲೀಟರಿನ ಸಿಲಿಂಡರನ್ನು 200 ವಾಯುಭಾರಕ್ಕೆ ತುಂಬಿದರೆ ಸಿಗುವುದು 2400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರಿನಂತೆ ನೀರಿನ ಮೇಲೆ ಅದು ಎರಡು ಗಂಟೆ ಬಂದರೆ, 20 ಮೀಟರ್ ಆಳದಲ್ಲಿ 40 ನಿಮಿಷ. ಎಳೆದು ಎಳೆದು ಉಸಿರಾಡಿ ದಣಿದವನು ಅದರ ಎರಡರಷ್ಟು ಸೇದುತ್ತಾನೆ. 20 ನಿಮಿಷಕ್ಕೆ ಮುಗಿಯಿತು. ಬರೀ ಲೆಕ್ಕದ ಮಾತಲ್ಲ. ಉಸಿರಾಟ ಬಿಗಿಯಾದರೆ ಇಂಗಾಲದ ಡೈಆಕ್ಸೈಡು ದೇಹದಲ್ಲಿ ಉಳಿಯುತ್ತದೆ. ಅದು ಉಳಿದಷ್ಟೂ ಗಾಳಿ ಸಾಲದೆಂಬ ದಿಗಿಲು. ದಿಗಿಲಿನಲ್ಲಿ ಇನ್ನಷ್ಟು ಏದುಸಿರು. ಕತ್ತಲ ನೀರಿನಲ್ಲಿ ಅನುಭವಿಯೂ ಎದೆಗೆಡುವುದು ಹೀಗೆ.

ಹಾಗಾದರೆ ಸ್ಪ್ರಿಂಗನ್ನು ಸಡಿಲಿಸಿ ಬಿಟ್ಟರಾಯಿತಲ್ಲ ಎಂದು ಯಾರಾದರೂ ಕೇಳಿಯಾರು. ತೊಡಕು ಇರುವುದೇ ಇಲ್ಲಿ. ಪೊರೆಗೂ ಉಸಿರು ಹೊರಡುವ ದ್ವಾರಕ್ಕೂ ನಡುವೆ ಸ್ವಲ್ಪ ಅಂತರವಿದ್ದೇ ಇರುತ್ತದೆ. ಮುಖ ಕೆಳಗೆ ಮಾಡಿದಾಗ ಪೊರೆಯೇ ಎಲ್ಲಕ್ಕಿಂತ ಕೆಳಗೆ ಬರುತ್ತದೆ. ಅದರ ಮೇಲೆ ಆ ಅಂತರದಷ್ಟು ನೀರಿನ ಭಾರ ಹೆಚ್ಚಾಗಿ ಬೀಳುತ್ತದೆ. ಸ್ಪ್ರಿಂಗು ಅದಕ್ಕಿಂತ ಸಡಿಲವಾಗಿದ್ದರೆ ಯಾರೂ ಸೇದದೆಯೇ ಗಾಳಿ ಸೋರತೊಡಗುತ್ತದೆ. ಮಾರ್ನ್ ನದಿಯ ಕಥೆಯೇ ಮತ್ತೆ! ಕೆಸರಿನಲ್ಲಿ ದೇಹ ಹುಡುಕುವವನು ನಿರಂತರವಾಗಿ ಇರುವುದು ಇದೇ ಭಂಗಿಯಲ್ಲಿ. ಅಂಗಡಿಯ ಮೇಜಿನ ಬಳಿ ನಿಂತು ಸೇದಿ ನೋಡಿ, ‘ಆಹಾ, ಬೆಣ್ಣೆಯಂತಿದೆ’ ಎಂದು ಮೆಚ್ಚಿದ ಯಂತ್ರ ಮಂಚನಬೆಲೆಯ ತಳದಲ್ಲಿ ಸಿಲಿಂಡರನ್ನು ಬರಿದುಮಾಡಬಹುದು. ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಕೈಗೆ ಈ ಹದ ಚೆನ್ನಾಗಿ ಗೊತ್ತು: ಬಿಗಿ ಹೆಚ್ಚಿದರೆ ಎಳೆ ತುಂಡಾಗುತ್ತದೆ, ಸಡಿಲ ಹೆಚ್ಚಿದರೆ ಗಂಟಾಗುತ್ತದೆ.

ಹದಗೊಳಿಸುವುದಕ್ಕೂ ಒಂದು ಕ್ರಮವುಂಟು. ಮೊದಲು ನೋಡಬೇಕಾದದ್ದು ಬಾಯಿಯ ಬಳಿಯ ಸ್ಪ್ರಿಂಗನ್ನಲ್ಲ, ಮೊದಲನೆಯ ಹಂತವನ್ನು. ಕೊಳವೆಗೆ ಮಾಪಕ ಜೋಡಿಸಿದರೆ ಮುಳ್ಳು ಒಂದೆಡೆ ನಿಂತು ಅಲುಗದೆ ಇರಬೇಕು. ನಿಂತ ಮುಳ್ಳು ಮೆಲ್ಲಮೆಲ್ಲನೆ ಏರಿದರೆ ಒಳಗಿನ ಪೀಠ ಸವೆದಿದೆ, ಗಾಳಿ ನುಸುಳುತ್ತಿದೆ ಎಂದು ಅರ್ಥ. ಆ ಏರಿದ ಒತ್ತಡ ಎರಡನೆಯ ಹಂತದಲ್ಲಿ ಸೋರಿಕೆಯಾಗಿ ತೋರುತ್ತದೆ. ಅರೆಬರೆ ಬಲ್ಲವನು ಅಲ್ಲಿನ ಸ್ಪ್ರಿಂಗನ್ನು ಬಿಗಿದು ಸದ್ದಡಗಿಸುತ್ತಾನೆ. ಸೋರಿಕೆ ನಿಂತಂತೆ ಕಾಣುತ್ತದೆ, ಉಸಿರು ಬಿಗಿಯಾಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ಕೆಮ್ಮಿಗೆ ಬಾಯಿ ಕಟ್ಟಿದಂಥ ಚಿಕಿತ್ಸೆ ಇದು.

ಪೂರ್ತಿ ಬಿಚ್ಚಿದಾಗ ಲೋಹದ ಭಾಗಗಳನ್ನು ತೆಳುವಾದ ಆಮ್ಲದಲ್ಲಿ ನೆನೆಸಿ, ತೊಳೆದು, ರಬ್ಬರು ಉಂಗುರಗಳನ್ನೂ ಕವಾಟದ ಪೀಠಗಳನ್ನೂ ಹೊಸದಾಗಿ ಹಾಕಿ, ಸಿಲಿಕೋನ್ ಜಿಡ್ಡನ್ನು ತೋರಿಕೆಗೆ ಎಂಬಷ್ಟು ಸವರಿ ಜೋಡಿಸುತ್ತಾರೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಇಲ್ಲವೇ ನೂರು ಮುಳುಗಿಗೊಮ್ಮೆ ಎಂಬುದು ರೂಢಿ. ತಯಾರಕರ ಸೂಚನೆ ಬೇರೆ ಇದ್ದರೆ ಅದೇ ಪ್ರಮಾಣ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಎಷ್ಟು ಒತ್ತಬೇಕೆಂಬುದನ್ನು ಪುಸ್ತಕದಿಂದ ಕಲಿಯುವುದಿಲ್ಲ. ಆದರೆ ಈ ಕೆಲಸದಲ್ಲಿ ಕೈಯ ಅನುಭವವೊಂದೇ ಸಾಲದು. ಮಾಪಕವೂ ತಯಾರಕರ ಕೈಪಿಡಿಯೂ ಸರಿಯಾದ ಬಿಡಿಭಾಗಗಳೂ ತರಬೇತಿಯೂ ಇಲ್ಲದವನು ಮನೆಯಲ್ಲಿ ಕುಳಿತು ಬಿಚ್ಚುವ ವಸ್ತು ಇದಲ್ಲ.

ಸಮುದ್ರದಲ್ಲಿ ಈ ಯಂತ್ರದ ವೈರಿ ಉಪ್ಪು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಮುಳುಗಲು ಹೋಗುವವರು ಮರಳಿದೊಡನೆ ಸಿಹಿನೀರಿನಲ್ಲಿ ತೊಳೆಯುವುದನ್ನು ಮರೆಯುವುದಿಲ್ಲ. ಒಳನಾಡಿನವನು ‘ಇದು ಸಿಹಿನೀರೇ ಅಲ್ಲವೆ’ ಎಂದು ಸುಮ್ಮನಾಗುತ್ತಾನೆ. ಉಪ್ಪಿಲ್ಲ ನಿಜ, ಹೂಳಿದೆ. ಅದು ಹೊರದ್ವಾರದ ತೆಳು ರಬ್ಬರಿನಡಿ ಒಂದೇ ಒಂದು ಕಣವಾಗಿ ಸೇರಿದರೂ ಸಾಕು, ಮುಂದಿನ ಸಲ ಗಾಳಿಯ ಜೊತೆ ನೀರೂ ಬಾಯಿಗೆ ಬರುತ್ತದೆ. ತೊಳೆಯುವಾಗಲೂ ಒಂದು ಎಚ್ಚರ ಬೇಕು: ಮೊದಲನೆಯ ಹಂತಕ್ಕೆ ಮುಚ್ಚಳ ಹಾಕಿರಬೇಕು, ಗಾಳಿಯ ಒತ್ತಡವಿಲ್ಲದಾಗ ಎದುರಿನ ಗುಂಡಿಯನ್ನು ಅದುಮಕೂಡದು. ಅದುಮಿದರೆ ಕೆಸರುನೀರು ಕೊಳವೆಯ ಮೂಲಕ ಹಿಂದಕ್ಕೆ ಹತ್ತುತ್ತದೆ.

ಇನ್ನೊಂದು ವೈರಿ ಕಣ್ಣಿಗೆ ಕಾಣುವಂಥದಲ್ಲ, ಅದು ಬಿಡುವು. ಬಳಸದ ಯಂತ್ರ ಕೆಡುವುದಿಲ್ಲವೆಂಬ ನಂಬಿಕೆ ಸುಳ್ಳು. ಪೆಟ್ಟಿಗೆಯಲ್ಲಿ ಮಲಗಿದ್ದಷ್ಟು ದಿನವೂ ಸ್ಪ್ರಿಂಗು ಕವಾಟದ ಮೆತ್ತನೆಯ ಪೀಠವನ್ನು ಲೋಹದ ಅಂಚಿಗೆ ಒತ್ತುತ್ತಲೇ ಇರುತ್ತದೆ. ಪೀಠದಲ್ಲಿ ಗೆರೆ ಬೀಳುತ್ತದೆ, ರಬ್ಬರು ಗಡುಸಾಗುತ್ತದೆ. ಜಲಾಶಯದ ದಡಕ್ಕೆ ಈ ಪೆಟ್ಟಿಗೆ ಬರುವುದು ವರ್ಷದಲ್ಲಿ ಕೆಲವೇ ಸಲ, ಅದೂ ಮುನ್ಸೂಚನೆಯಿಲ್ಲದೆ, ಅಳುವ ಜನರ ನಡುವೆ. ಆಗ ತಡಮಾಡದೆ ನೀರಿಗಿಳಿಯಬೇಕೆಂಬ ಒತ್ತಾಯ ಎಲ್ಲರದೂ. ಬಲ್ಲ ಮುಳುಗುಗಾರನು ಅಷ್ಟರಲ್ಲೂ ಒಂದು ಬಕೆಟ್ ನೀರು ತರಿಸಿ, ಎರಡನೆಯ ಹಂತವನ್ನು ಅದರಲ್ಲಿ ಮೆಲ್ಲಗೆ ಇಳಿಸಿ, ಸದ್ದು ಎಷ್ಟನೆಯ ಅಂಗುಲದಲ್ಲಿ ಹೊರಡುವುದೆಂದು ಕಿವಿಗೊಟ್ಟು ಕೇಳುತ್ತಾನೆ. ಸುತ್ತ ನಿಂತವರಿಗೆ ಅದು ವೃಥಾ ಕಾಲಹರಣವಾಗಿ ಕಾಣುವುದುಂಟು. ಸದ್ದು ಸರಿಯಾಗಿಲ್ಲದಿದ್ದರೆ ಅವನು ಅದನ್ನು ಪಕ್ಕಕ್ಕಿಟ್ಟು ಮತ್ತೊಂದನ್ನು ಕೇಳುತ್ತಾನೆ; ಮತ್ತೊಂದಿಲ್ಲವೆಂದರೆ ಅದು ಬರುವವರೆಗೆ ದಡದಲ್ಲೇ ಕಾಯುತ್ತಾನೆ.